ಆಷಿಂಗ್ಟನ್ನಿನ ಗಣಿಯವರು ಬರೆದ ಚಿತ್ರ

ನಮ್ಮಪ್ಪ ಸುಣ್ಣ ಬಳಿಯುವ ಕೂಲಿ. ಹಬ್ಬಕ್ಕೆ ಮೊದಲು, ಮದುವೆಗೆ ಮೊದಲು ಪೇಟೆಯ ದೊಡ್ಡ ಮನೆಗಳ ಗೋಡೆಗೆ ಸುಣ್ಣವೋ ಡಿಸ್ಟೆಂಪರೋ ಬಳಿದು, ಸಂಜೆ ಕೈಕಾಲೆಲ್ಲ ಬೆಳ್ಳಗೆ ಮಾಡಿಕೊಂಡು ಹಟ್ಟಿಗೆ ಬರೋನು. ಡಬ್ಬದ ತಳದಲ್ಲಿ ಉಳಿದ ಬಣ್ಣವನ್ನು ಒಂದೊಂದು ಸಲ ಮನೆಗೆ ತರೋನು. ಅದರಲ್ಲಿ ನಮ್ಮ ಬಾಗಿಲ ಪಕ್ಕದ ಗೋಡೆಗೆ ಒಂದು ನವಿಲು ಬರೆದಿದ್ದ. ನಾನು ಬಿ.ಎ. ಓದುವಾಗ ಕಾಲೇಜಿನ ಗೆಳೆಯರು ಮನೆಗೆ ಬರೋರಿದ್ದರು. ಹಿಂದಿನ ದಿನ ಆ ನವಿಲಿನ ಮೇಲೆ ನಾನೇ ಸುಣ್ಣ ಹೊಡೆದೆ. ಅಪ್ಪ ಬೈಯಲಿಲ್ಲ. ಗೋಡೆ ನೋಡಿ, "ಸರಿಯಾಗಿ ಕೂತಿಲ್ಲ, ಇನ್ನೊಂದು ಕೈ ಹೊಡಿ" ಅಂದ, ಅಷ್ಟೆ.

ಅದನ್ನು ಈಗ ಹೇಳಲು ಕಾರಣವಿದೆ. ಇಂಗ್ಲೆಂಡಿನ ಉತ್ತರದಲ್ಲಿ ನಾರ್ತಂಬರ್‌ಲೆಂಡ್ ಎಂಬ ಸೀಮೆ. ಅಲ್ಲಿ ಆಷಿಂಗ್ಟನ್ ಅಂತ ಕಲ್ಲಿದ್ದಲು ಗಣಿಯ ಊರು. ಆ ಊರಿನ ಕಾರ್ಮಿಕರು 1934ರಲ್ಲಿ ಶುರುಮಾಡಿ, ಐವತ್ತು ವರ್ಷದ ಹತ್ತಿರ ಹತ್ತಿರ ಒಂದು ಚಿತ್ರ ಸಂಘವನ್ನು ನಡೆಸಿದರು. ಆಷಿಂಗ್ಟನ್ ಗ್ರೂಪ್ ಅಂತ ಅದರ ಹೆಸರು. ಅವರ ಚಿತ್ರಗಳಲ್ಲಿ ಎಷ್ಟೋ ಪ್ಲೈವುಡ್ಡಿನ ಮೇಲೆ, ರಟ್ಟಿನ ಮೇಲೆ ಬರೆದವು. ಬಣ್ಣ ಯಾವುದು ಗೊತ್ತೆ? ವಾಲ್ಪಮರ್ ಅಂತ, ಮನೆ ಗೋಡೆಗೆ ಬಳಿಯುವ ಬಣ್ಣ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಆ ಚಿತ್ರಗಳ ಅಸಲನ್ನು ಕಂಡವನಲ್ಲ. ಅಚ್ಚಾದ ಪ್ರತಿ, ಪರದೆ ಮೇಲಿನ ಪ್ರತಿ ನೋಡಿ ಬರೆಯುತ್ತಿದ್ದೇನೆ. ಬಣ್ಣದ ವಿಚಾರಕ್ಕೆ ನಾನು ಆಡುವ ಮಾತನ್ನು ಓದುಗರು ಅಷ್ಟು ಕಡಿತ ಮಾಡಿಯೇ ತಗೋಬೇಕು.

ವರ್ಕರ್ಸ್ ಎಜುಕೇಷನಲ್ ಅಸೋಸಿಯೇಷನ್ ಎಂಬ ಸಂಸ್ಥೆ ಆ ದೇಶದಲ್ಲಿ ದುಡಿಯುವ ಜನಕ್ಕೆ ಸಂಜೆ ಪಾಠ ನಡೆಸುತ್ತಿತ್ತು. ಆಷಿಂಗ್ಟನ್ನಿನವರು ಚಿತ್ರಕಲೆಯನ್ನು ಅರಿಯುವ ತರಗತಿ ಬೇಕೆಂದರು. ನ್ಯೂಕ್ಯಾಸಲ್‌ನ ಆರ್ಮ್‌ಸ್ಟ್ರಾಂಗ್ ಕಾಲೇಜಿನಿಂದ ರಾಬರ್ಟ್ ಲಯನ್ ಎಂಬ ಮೇಷ್ಟ್ರು ಬಂದರು. ಬಂದವರು ಎಲ್ಲ ಮೇಷ್ಟ್ರುಗಳ ಹಾಗೆ ಸ್ಲೈಡು ಹಾಕಿದರು. ಇಟಲಿಯ ಮಹಾ ಮಹಾ ಕಲಾವಿದರ ಕೃತಿಗಳು. ಎದುರಿಗೆ ಕೂತವರಿಗೆ ಅದು ಹತ್ತಲಿಲ್ಲ. ಅವರಿಗೆ ಬೇಕಾಗಿದ್ದು ಒಂದು ಚಿತ್ರದ ಒಳಗೆ ಏನಿದೆ, ಅದನ್ನು ಬರೆದವನು ಯಾಕೆ ಹಾಗೆ ಬರೆದ ಎಂಬ ತಿಳಿವು. ಯಾವುದು ದೊಡ್ಡದು, ಯಾರು ದೊಡ್ಡವರು ಎಂಬ ಪಟ್ಟಿ ಅಲ್ಲ.

ನಾನೂ ಅಂಥ ಕತ್ತಲೆ ಕೋಣೆಯಲ್ಲಿ ಕೂತವನೇ. ನಮ್ಮ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರು ಚಿತ್ರ ತೋರಿಸಿ, "ಇದನ್ನು ನೋಡಿ ಮೈ ಜುಮ್ಮೆನ್ನದವನಿಗೆ ಸಂಸ್ಕಾರ ಇಲ್ಲ" ಅಂದರು. ನನಗೆ ಜುಮ್ಮೆನ್ನಲಿಲ್ಲ. ಎಂದಿತು ಅಂತ ತಲೆ ಆಡಿಸಿದೆ. ಆ ನವಿಲಿಗೆ ಸುಣ್ಣ ಹೊಡೆದದ್ದು ಅದೇ ವರ್ಷ.

ಲಯನ್ ಮೇಷ್ಟ್ರು ಮಾಡಿದ ಒಳ್ಳೆ ಕೆಲಸ ಎಂದರೆ ಸ್ಲೈಡು ತೆಗೆದು ಪಕ್ಕಕ್ಕಿಟ್ಟದ್ದು. ನೀವೇ ಮಾಡಿ ನೋಡಿ, ಮಾಡುತ್ತ ಮಾಡುತ್ತ ತಿಳಿಯುತ್ತೆ ಅಂದರು. ಮೊದಲು ಲಿನೋ ಕೆತ್ತನೆ, ಆಮೇಲೆ ಬಣ್ಣ. ಒಂದು ವಸ್ತು ಕೊಡೋರು, ಅದನ್ನು ಬರೆದು ತರಬೇಕು. ತಂದ ಚಿತ್ರವನ್ನು ಎಲ್ಲರ ಮುಂದೆ ಇಟ್ಟು ಎಲ್ಲರೂ ಮಾತಾಡಬೇಕು. ಹೀಗೆ ವರ್ಷ ಎರಡು ಕಳೆಯುವುದರೊಳಗೆ, 1936ರಲ್ಲಿ, ನ್ಯೂಕ್ಯಾಸಲ್‌ನ ಹ್ಯಾಟನ್ ಗ್ಯಾಲರಿಯಲ್ಲಿ ಅವರ ಪ್ರದರ್ಶನವಾಯಿತು. ಮೇಷ್ಟ್ರಿಗೆ ಸಲ್ಲಬೇಕಾದ್ದು ಸಲ್ಲಲಿ. ಆದರೆ ಇಡೀ ಕತೆಯನ್ನು ಮೇಷ್ಟ್ರ ಕತೆ ಮಾಡುವವರ ಜೊತೆ ನನಗೆ ಜಗಳ ಇದೆ. 1942ರಲ್ಲಿ ಲಯನ್ ಎಡಿನ್‌ಬರೋದ ಕಲಾ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. ಸಂಘ ಮುಚ್ಚಲಿಲ್ಲ. ಮೇಷ್ಟ್ರಿಲ್ಲದೆ ಇನ್ನೂ ನಾಲ್ಕು ದಶಕ ನಡೆಯಿತು. ಲೀ ಹಾಲ್ 2007ರಲ್ಲಿ ಬರೆದ ನಾಟಕ ಅವರನ್ನು ಲಂಡನ್ನು ನ್ಯೂಯಾರ್ಕಿನವರೆಗೂ ಒಯ್ದಿತು, ಸಂತೋಷ. ಅದರ ಜೀವ ಇರುವುದು ಮೇಷ್ಟ್ರು ಶಿಷ್ಯರ ಜಟಾಪಟಿಯಲ್ಲಿ. ರಂಗಕ್ಕೆ ಅದು ಬೇಕು. ಆದರೆ ಯಾರೂ ಹೇಳಿಕೊಡುವವರಿಲ್ಲದ ಆ ನಲವತ್ತು ವರ್ಷ ಅವರು ಏನು ಮಾತಾಡಿಕೊಂಡರು ಎಂಬುದರಲ್ಲೇ ನನಗೆ ಆಸೆ.

ಯಾರಿದ್ದರು ಆ ಸಂಘದಲ್ಲಿ? ಬಹುಪಾಲು ಗಣಿಯವರು. ಆಲಿವರ್ ಕಿಲ್ಬರ್ನ್ ಹದಿಮೂರನೆಯ ವಯಸ್ಸಿಗೇ ಗಣಿ ಕೆಲಸಕ್ಕೆ ಸೇರಿದವನು. ಜಿಮ್ಮಿ ಫ್ಲಾಯ್ಡ್, ಜಾರ್ಜ್ ಬ್ಲೆಸ್ಡ್, ಲೆಸ್ಲಿ ಬ್ರೌನ್‌ರಿಗ್. ಹ್ಯಾರಿ ವಿಲ್ಸನ್ ಬೇರೆ ಕಸುಬಿನವನು, ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ತಯಾರು ಮಾಡೋನು. ನನಗೆ ಸಿಕ್ಕ ಹೆಸರುಗಳೆಲ್ಲ ಗಂಡಸರವೇ. ಹೆಂಗಸರು ಚಿತ್ರದ ಒಳಗಿದ್ದಾರೆ, ಒಲೆ ಮುಂದೆ, ಮನೆಗೆಲಸದ ನಡುವೆ. ಇದು ಆ ಸಂಘದ ದೊಡ್ಡ ಕೊರೆ. ಬೆರಳು ತೋರಿಸುವ ಮೊದಲು ನನ್ನ ಕಡೆಗೂ ಒಂದು ಮಾತು: ಈ ಬರಹವನ್ನು ಅಪ್ಪನ ನವಿಲಿನಿಂದ ಶುರುಮಾಡಿದೆ. ಅದೇ ಗೋಡೆಯ ಬುಡಕ್ಕೆ ಪ್ರತಿ ಹಬ್ಬಕ್ಕೂ ಕೆಮ್ಮಣ್ಣಿನ ಪಟ್ಟೆ ಎಳೆದು, ಅದರ ಮೇಲೆ ಸುಣ್ಣದ ಚುಕ್ಕಿ ಇಡುತ್ತಿದ್ದವಳು ಅವ್ವ. ಅದು ನನಗೆ ಚಿತ್ರ ಅಂತ ಅನ್ನಿಸಿಯೇ ಇರಲಿಲ್ಲ.

ಇನ್ನು ಚಿತ್ರಗಳ ಮಾತು. ಕಿಲ್ಬರ್ನ್ ಬರೆದ ಒಂದು ಚಿತ್ರ ಗಣಿಯ ಕಂಬ ಕೀಳುವವರದು. ಕಲ್ಲಿದ್ದಲು ಕಡಿದು ತೆಗೆದ ಜಾಗದಲ್ಲಿ ಮೇಲಿನ ಬಂಡೆ ಬೀಳದಂತೆ ಕಂಬ ಕೊಟ್ಟಿರುತ್ತಾರೆ. ಅಲ್ಲಿ ಕೆಲಸ ಮುಗಿದು ಮುಂದಕ್ಕೆ ಹೋದ ಮೇಲೆ ಯಾರಾದರೂ ಆ ಕಂಬ ಕಿತ್ತುಕೊಂಡು ಬರಬೇಕು. ಕಿತ್ತರೆ ಬಂಡೆ ಕುಸಿಯುತ್ತೆ. ಕುಸಿಯಲೇಬೇಕು, ಅದೇ ಕೆಲಸ. ಕುಸಿಯೋಕೆ ಮುಂಚೆ ಈಚೆ ಬಂದಿರಬೇಕು. ಇಂಥ ಕೆಲಸದವರ ಮೈ ಹೇಗೆ ಕುಗ್ಗುತ್ತೆ, ಮೊಣಕಾಲು ಎಲ್ಲಿ ಊರುತ್ತೆ, ಕಿವಿ ಹೇಗೆ ಬಂಡೆಯ ಕಡೆಗೇ ಇರುತ್ತೆ, ಇದು ಹೊರಗೆ ನಿಂತು ನೋಡಿದವನಿಗೆ ತಿಳಿಯುವಂಥದ್ದಲ್ಲ. ಕಿಲ್ಬರ್ನನ ಮನುಷ್ಯರ ತೋಳು ಕಾಲು ಕಲಾಶಾಲೆಯ ಅಳತೆಗೆ ಸರಿಯಿಲ್ಲ ಅಂತ ಯಾರಾದರೂ ಅಂದರೆ, ಆ ತಗ್ಗಿನಲ್ಲಿ ಕಲಾಶಾಲೆಯ ಅಳತೆಯ ಮನುಷ್ಯ ಹಿಡಿಸುವುದೇ ಇಲ್ಲ ಎಂದು ಹೇಳಬೇಕಾಗುತ್ತೆ. ಸಂಘದಲ್ಲಿ ಆ ಚಿತ್ರ ನೋಡಿ ಮಾತಾಡೋರೂ ಗಣಿಯವರೇ. ಕಂಬ ತಪ್ಪು ಜಾಗದಲ್ಲಿ ನಿಂತಿದ್ದರೆ ಕಂಡುಹಿಡಿಯಬಲ್ಲವರು. ಅಂಥ ವಿಮರ್ಶಕರು ನಮ್ಮ ಯಾವ ಕವಿಗೆ ಸಿಕ್ಕಿದ್ದಾರೆ?

ಬೇರೆ ಚಿತ್ರಗಳು ಬೆಳಕಿನವು. ಜಿಮ್ಮಿ ಫ್ಲಾಯ್ಡ್ 1938ರಲ್ಲಿ ಬರೆದ ಪಾರಿವಾಳದ ಗೂಡುಗಳು. ಬ್ಲೆಸ್ಡನ ಓಟದ ನಾಯಿಗಳು. ಕಿಲ್ಬರ್ನ್ 1936ರಲ್ಲಿ ಬರೆದ ಶನಿವಾರ ರಾತ್ರಿಯ ಕ್ಲಬ್ಬು, ಗಿಜಿಗುಡುವ ಜನ, ಬಿಯರು. ವಾರವೆಲ್ಲ ನೆಲದ ಕೆಳಗಿದ್ದವರು ಮೇಲೆ ಬಂದಾಗ ಏನನ್ನು ನೋಡಿ ಕಣ್ಣು ತುಂಬಿಕೊಂಡರು ಎಂಬುದು ಇಲ್ಲಿದೆ.

ನಮ್ಮ ಓದು ಬಳಗದಲ್ಲಿ ಈ ಚಿತ್ರಗಳ ಪ್ರತಿ ತೋರಿಸಿದೆ. ಒಬ್ಬ ಗೆಳೆಯ, ಸಂಘಟನೆಯಲ್ಲಿ ನನಗಿಂತ ಹಿರಿಯ, ಕೇಳಿದ: "ಎಲ್ಲಾ ಸರಿ ಕಣಪ್ಪ, ಇದರಲ್ಲಿ ಬಂಡಾಯ ಎಲ್ಲೈತೆ? ಪಾರಿವಾಳ, ನಾಯಿ! 1926ರಲ್ಲಿ ಗಣಿ ಮಾಲೀಕರು ತಿಂಗಳುಗಟ್ಟಲೆ ಬೀಗ ಹಾಕಿ ಹೊಟ್ಟೆಗೆ ಹೊಡೆದ ಜನ ಅಲ್ವಾ ಇವರು? ಆ ಮಾಲೀಕ ಯಾವ ಚಿತ್ರದಾಗವ್ನೆ?" ಪ್ರಶ್ನೆ ಸುಳ್ಳಲ್ಲ. ನಾನು ನೋಡಿದ ಚಿತ್ರಗಳಲ್ಲಿ ಮಾಲೀಕ ಕಾಣಲಿಲ್ಲ. ಹೆಲೆನ್ ಸದರ್ಲೆಂಡ್‌ರಂಥ ಸಿರಿವಂತ ಕಲಾಪೋಷಕಿ ಇವರನ್ನು ಮೆಚ್ಚಿ ಮನೆಗೆ ಕರೆದಳು ಎಂದಾಗ, ಇವರ ಚಿತ್ರ ಅಷ್ಟು ಸದ್ದಿಲ್ಲದೆ ಇದ್ದದ್ದೂ ಅದಕ್ಕೊಂದು ಕಾರಣವಿರಬಹುದು ಎಂಬ ಗುಮಾನಿ ನನಗೂ ಬಂತು.

ಆದರೂ ಗೆಳೆಯನ ಮಾತನ್ನು ಪೂರ್ತಿ ಒಪ್ಪಲಾರೆ. ನಮ್ಮ ಕವನಗಳಲ್ಲಿ ಮುಷ್ಟಿ ಬೇಕಾದಷ್ಟಿದೆ. ಆ ಮುಷ್ಟಿ ಬಿಗಿಯುವ ಮುಂಚೆ ಆ ಕೈ ಏನು ಹಿಡಿದಿತ್ತು, ಗುದ್ದಲಿಯೋ ಉಳಿಯೋ, ಅದರ ಹಿಡಿ ಎಲ್ಲಿ ಸವೆದಿತ್ತು, ಇದನ್ನು ಹೇಳುವ ಕವನ ಎಷ್ಟಿವೆ? ನಾನು ಅಚ್ಚು ಹಾಕಿಸಿದ ಹತ್ತು ಹನ್ನೆರಡು ಕವನಗಳಲ್ಲಿ ಬೆಂಕಿ ಎಂಬ ಮಾತು ಎಣಿಸಿ ನೋಡಿ ನಾಚಿಕೆಯಾಯಿತು. ಸುಣ್ಣ ಒಂದು ಸಲವೂ ಇಲ್ಲ. ಸುಣ್ಣ ಬೇಯುವ ವಾಸನೆಯಲ್ಲಿ ಬೆಳೆದವನು ನಾನು.

1938ರಲ್ಲಿ ಗೇಟ್ಸ್‌ಹೆಡ್ಡಿನಲ್ಲಿ ಇವರ ಚಿತ್ರಗಳನ್ನು ಸೇರಿಸಿ ಒಂದು ಪ್ರದರ್ಶನ ನಡೆಯಿತು. ಜನಜೀವನದ ಸಮೀಕ್ಷೆ ಮಾಡುತ್ತಿದ್ದ ಮಾಸ್ ಅಬ್ಸರ್ವೇಷನ್‌ನ ಟಾಮ್ ಹ್ಯಾರಿಸನ್ ಮುಂತಾದವರ ಆಸಕ್ತಿಯಿಂದ ಆದದ್ದು. ಅದಕ್ಕೆ ಇಟ್ಟ ಹೆಸರು 'ಕಸುಬಿನವರಲ್ಲದವರ ಚಿತ್ರಕಲೆ' ಎಂಬ ಅರ್ಥದ್ದು. ಒಳ್ಳೆ ಮನಸ್ಸಿನಿಂದಲೇ ಇಟ್ಟಿರಬಹುದು. ಆದರೆ ಇಂಥ ಹೆಸರಿನ ಚುರುಕು ನನಗೆ ಗೊತ್ತು. ಒಂದು ಕವಿಗೋಷ್ಠಿಯಲ್ಲಿ ನನ್ನನ್ನು "ಹಟ್ಟಿಯಿಂದ ಬಂದ ಮುಗ್ಧ ಪ್ರತಿಭೆ" ಅಂತ ಪರಿಚಯಿಸಿದರು. ಎರಡು ಸಲ ತಿದ್ದಿ, ಮೂರನೇ ಸಲ ಹರಿದು, ನಾಲ್ಕನೇ ಸಲ ಬರೆದ ಕವನ ಅದು. ಮುಗ್ಧತೆ ಎಲ್ಲಿತ್ತೋ ಕಾಣೆ. ಆಷಿಂಗ್ಟನ್ನಿನವರೂ ವಾರ ವಾರ ಜಗಳ ಮಾಡಿ, ತಿದ್ದಿ, ಬರೆದವರು.

ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಅವರು ತಮ್ಮ ಒಳ್ಳೆಯ ಚಿತ್ರಗಳನ್ನು ಆರಿಸಿ ಸಂಘದ ಸ್ವತ್ತಾಗಿ ಉಳಿಸಿಕೊಂಡರು. ಇದು ಯಾರದೋ ಒಬ್ಬನ ಹೆಸರಿಗೆ ಹೋಗಲಿಲ್ಲ. ಯಾರೂ ಚಿತ್ರಕಲೆಯನ್ನೇ ಹೊಟ್ಟೆಪಾಡು ಮಾಡಿಕೊಂಡು ಊರು ಬಿಡಲಿಲ್ಲ. ಕಿಲ್ಬರ್ನ್ ಕೊನೆವರೆಗೂ ಗಣಿ ಕೆಲಸದವನಾಗೇ ಉಳಿದ. ವಯಸ್ಸಾದ ಮೇಲೆ ತನ್ನ ಗಣಿ ಬದುಕನ್ನೇ ಒಂದು ಚಿತ್ರಮಾಲೆಯಾಗಿ ಬರೆದ. ಸಂಘದ ಚಿತ್ರಗಳನ್ನು ಉಳಿಸಲು ದುಡಿದ. 1993ರಲ್ಲಿ ತೀರಿಕೊಂಡ.

ಇಲ್ಲಿ ಎಚ್ಚರ ಬೇಕು. "ನೋಡು, ಅವರು ತಮ್ಮ ಕಸುಬು ಬಿಡಲಿಲ್ಲ, ನೀವೂ ಬಿಡಬೇಡಿ" ಎಂದು ಹೇಳಲು ಕಾದು ಕೂತವರು ನಮ್ಮಲ್ಲಿದ್ದಾರೆ. ಹುಟ್ಟಿನಿಂದ ಹೇರಿದ ಕಸುಬನ್ನು ಬಿಡುವುದು ನಮಗೆ ಅರ್ಧ ಬಿಡುಗಡೆ. ಅಪ್ಪ ನನ್ನ ಕೈಗೆ ಬ್ರಷ್ಷು ಕೊಡದೆ ಪುಸ್ತಕ ಕೊಡಿಸಿದ್ದು ಅದಕ್ಕೇ. ನಾನು ಕೇಳುತ್ತಿರುವುದು ಬೇರೆ. ಕಸುಬು ಬಿಡುವಾಗ ಆ ಕಸುಬು ಕಂಡ ಕಣ್ಣನ್ನೂ ಯಾಕೆ ಬಿಟ್ಟು ಬಂದೆವು? ಡಿಗ್ರಿ ಬಂದ ಮೇಲೆ ನಮ್ಮ ಕವನವನ್ನು ಮೊದಲು ಯಾರಿಗೆ ಓದಿ ತೋರಿಸುತ್ತೇವೆ? ನನ್ನ ಒಂದು ಕವನವೂ ಅಪ್ಪನ ಕಿವಿಗೆ ಬಿದ್ದಿಲ್ಲ. ಅವನಿಗೆ ಓದು ಬರುವುದಿಲ್ಲ ನಿಜ, ಕಿವಿ ಕೇಳಿಸುತ್ತೆ.

ಉಳಿದದ್ದು ಬೇಗ ಹೇಳುತ್ತೇನೆ. 1980ರಲ್ಲಿ ಅವರ ಚಿತ್ರಗಳು ಚೀನಾಕ್ಕೂ ಹೋಗಿ ಬಂದವು. ಅದಾದ ಕೆಲವೇ ವರ್ಷದಲ್ಲಿ, ಅವರು ಕೂಡುತ್ತಿದ್ದ ಮರದ ಶೆಡ್ಡಿನ ನೆಲಬಾಡಿಗೆ ಏರಿ, ಅದು ಕೈಬಿಟ್ಟು ಹೋಯಿತು. ಪಕ್ಕದ ವುಡ್‌ಹಾರ್ನ್ ಗಣಿ 1981ರಲ್ಲಿ ಮುಚ್ಚಿತು. 1984-85ರ ದೊಡ್ಡ ಮುಷ್ಕರ ಸೋತಿತು. ಆಷಿಂಗ್ಟನ್ ಗಣಿ 1988ರಲ್ಲಿ ಮುಚ್ಚಿತು. ಅದೇ ವರ್ಷ ವಿಲಿಯಂ ಫೀವರ್ ಅವರ ಬಗ್ಗೆ ಪುಸ್ತಕ ತಂದರು. ಚಿತ್ರಗಳು ಈಗ ವುಡ್‌ಹಾರ್ನಿನಲ್ಲಿ, ಗಣಿ ಇದ್ದ ಜಾಗದಲ್ಲೇ ಕಟ್ಟಿದ ಮ್ಯೂಸಿಯಂನಲ್ಲಿವೆ. ಗಣಿ ಇಲ್ಲ, ಗಣಿಯವರು ಬರೆದದ್ದು ಇದೆ.

ನಮ್ಮ ಬಳಗದವರು ಮುಂದಿನ ಭಾನುವಾರದಿಂದ ಶಾಲೆಯ ಜಗಲಿಯಲ್ಲಿ ಹೀಗೇ ಕೂತು ನೋಡೋಣ ಅಂದುಕೊಂಡಿದ್ದೇವೆ. ಬರೆದದ್ದನ್ನು ತರಬೇಕು, ಎಲ್ಲರ ಮುಂದೆ ಇಡಬೇಕು. ಹೆಂಗಸರನ್ನು ಕರೆಯುವುದು ನನ್ನ ಪಾಲಿನ ಕೆಲಸ. ಅವ್ವ ನಕ್ಕು ಒಳಗೆ ಹೋದಳು. ಅಪ್ಪನಿಗೆ ಎರಡು ರಟ್ಟು, ಒಂದು ಡಬ್ಬ ಬಣ್ಣ ತಂದುಕೊಟ್ಟು, ಏನಾದರೂ ಬರಿ ಅಂದೆ. ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಯಾರ ಮನೇಗೆ? ದಿನಕ್ಕೆ ಎಷ್ಟು ಕೊಡ್ತಾರಂತೆ?" ಅಂದ.