ಉಪ್ಪಾಗೆ ಮಾತ್ರೆ ಕೊಬ್ಬು ಕರಗಿಸುವುದೆ?

‘ಮೂರೇ ತಿಂಗಳಲ್ಲಿ ಹತ್ತು ಕಿಲೊ ತೂಕ ಇಳಿಸಿರಿ. ಪಥ್ಯ ಬೇಡ, ವ್ಯಾಯಾಮ ಬೇಡ. ಸಂಪೂರ್ಣ ನೈಸರ್ಗಿಕ, ಅಡ್ಡಪರಿಣಾಮವಿಲ್ಲ.’ ಈ ಬಗೆಯ ಜಾಹೀರಾತನ್ನು ನೀವು ಒಮ್ಮೆಯಾದರೂ ಓದಿರುತ್ತೀರಿ. ಹಿಂದೆ ಇದು ಬಸ್ಸಿನ ಬೆನ್ನ ಮೇಲೆ, ಪತ್ರಿಕೆಯ ಮೂಲೆಯಲ್ಲಿ ಕಾಣಿಸುತ್ತಿತ್ತು. ಈಗ ಮೊಬೈಲಿನಲ್ಲಿ ಬರುತ್ತದೆ. ಎಚ್.ಡಿ. ಕೋಟೆ ಸೀಮೆಯ ಕಾಡಂಚಿನ ಎನ್. ಬೇಗೂರಿನಲ್ಲಿರುವವರಿಗೂ ಬೆಂಗಳೂರಿನಲ್ಲಿರುವವರಿಗೂ ಒಂದೇ ಹೊತ್ತಿಗೆ ತಲುಪುತ್ತದೆ.

ಇದನ್ನು ‘ಎಲ್ಲ ಬರಿ ಸುಳ್ಳು’ ಎಂದು ತಳ್ಳಿಹಾಕುವುದು ಸುಲಭ. ಆದರೆ ವಿಜ್ಞಾನದ ವಿದ್ಯಾರ್ಥಿ ಕೊಡಬೇಕಾದ ಉತ್ತರ ಅದಲ್ಲ. ಇಂಥ ಜಾಹೀರಾತುಗಳಲ್ಲಿ ಅನೇಕ ವೇಳೆ ಒಂದು ತುಣುಕು ನಿಜವಿರುತ್ತದೆ. ಅವುಗಳ ಬಲವೂ ಅದೇ. ಆ ನಿಜ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೆರೆ ಎಳೆದು ತೋರಿಸುವುದು ನಮ್ಮ ಕೆಲಸ. ಇದಕ್ಕೆ ‘ಗಾರ್ಸೀನಿಯ ಕ್ಯಾಂಬೋಜಿಯ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಮಾತ್ರೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅದರ ಕಥೆ ಆರಂಭವಾಗುವುದು ನಮ್ಮ ಮೈಸೂರಿನಲ್ಲಿಯೇ.

ಮೊದಲು ಲೆಕ್ಕ

ಸಸ್ಯದ ಹೆಸರನ್ನು ನೋಡುವ ಮೊದಲು ಜಾಹೀರಾತಿನ ಅಂಕಿಯನ್ನು ನೋಡೋಣ. ದೇಹದ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7700 ಕಿಲೊಕ್ಯಾಲರಿ ಶಕ್ತಿ ಇರುತ್ತದೆ. ಹತ್ತು ಕಿಲೊ ಕೊಬ್ಬು ಕರಗಬೇಕಾದರೆ 77,000 ಕಿಲೊಕ್ಯಾಲರಿ ಖರ್ಚಾಗಬೇಕು. ಇದನ್ನು 90 ದಿನಗಳಿಗೆ ಭಾಗಿಸಿದರೆ ದಿನಕ್ಕೆ ಸುಮಾರು 855 ಕಿಲೊಕ್ಯಾಲರಿ. ಇದು ಸಾಧಾರಣ ಮೈಕಟ್ಟಿನವರು ಸುಮಾರು ಮೂರು ಗಂಟೆ ಬಿರುಸಾಗಿ ನಡೆದರೆ ವ್ಯಯವಾಗುವಷ್ಟು ಶಕ್ತಿ. ಊಟ ಕಡಿಮೆಯಾಗಲಿಲ್ಲ, ನಡಿಗೆ ಹೆಚ್ಚಾಗಲಿಲ್ಲ ಎಂದಾದರೆ ಈ ಶಕ್ತಿ ಹೋಯಿತೆಲ್ಲಿಗೆ? ಶಕ್ತಿ ನಿತ್ಯತೆಯ ನಿಯಮವನ್ನು ಎಂಟನೆಯ ತರಗತಿಯಲ್ಲಿ ಕಲಿತವರೂ ಈ ಪ್ರಶ್ನೆ ಕೇಳಬಹುದು.

‘ಆದರೆ ಮೊದಲ ವಾರದಲ್ಲೇ ಎರಡು ಕಿಲೊ ಇಳಿದದ್ದನ್ನು ಕಂಡಿದ್ದೇವೆ’ ಎಂದು ನೀವು ಹೇಳಬಹುದು. ಅದೂ ನಿಜವೇ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ನಾಲ್ಕೈನೂರು ಗ್ರಾಂನಷ್ಟು ಗ್ಲೈಕೊಜನ್ ಸಂಗ್ರಹವಿರುತ್ತದೆ. ಒಂದು ಗ್ರಾಂ ಗ್ಲೈಕೊಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಮುದ್ದೆ, ಚಪಾತಿಗಳನ್ನು ಇದ್ದಕ್ಕಿದ್ದಂತೆ ಬಿಟ್ಟಾಗ ಮೊದಲು ಖಾಲಿಯಾಗುವುದು ಈ ಸಂಗ್ರಹ. ಅದರೊಡನೆ ನೀರೂ ಹೋಗುತ್ತದೆ. ತಕ್ಕಡಿಯ ಮುಳ್ಳು ಇಳಿಯುತ್ತದೆ, ಕೊಬ್ಬು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮತ್ತೆ ಎಂದಿನಂತೆ ಉಣ್ಣತೊಡಗಿದ ಕೂಡಲೇ ಆ ಎರಡು ಕಿಲೊ ಮರಳಿ ಬರುತ್ತದೆ.

ಮೈಸೂರಿನಲ್ಲಿ ಗುರುತಿಸಿದ ಆಮ್ಲ

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆ ಮರ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಇದರ ಇಂದಿನ ಸಸ್ಯಶಾಸ್ತ್ರೀಯ ಹೆಸರು ಗಾರ್ಸೀನಿಯ ಗಮ್ಮಿ-ಗಟ್ಟ. ಕ್ಯಾಂಬೋಜಿಯ ಎಂಬುದು ಹಳೆಯ ಹೆಸರು. ಹಣ್ಣು ಪುಟ್ಟ ಕುಂಬಳಕಾಯಿಯಂತೆ ಏಣುಗಳುಳ್ಳದ್ದು. ಒಣಗಿಸಿದ ಸಿಪ್ಪೆ ಕಪ್ಪಾಗಿ, ಬಹಳ ಹುಳಿಯಾಗಿರುತ್ತದೆ. ಕೇರಳದಲ್ಲಿ ಇದೇ ಕುಡಂಪುಳಿ. ಮೀನಿನ ಸಾರಿಗೆ ಬೇಕೇ ಬೇಕು. ಕೊಡಗಿನಲ್ಲಿ ಹಣ್ಣಿನ ರಸವನ್ನು ಗಟ್ಟಿಯಾಗುವವರೆಗೆ ಕುದಿಸಿ ಕಾಚಂಪುಳಿ ಮಾಡಿ ಹಂದಿಮಾಂಸದ ಅಡುಗೆಗೆ ಬಳಸುತ್ತಾರೆ. ಮೀನು ಕೆಡದಂತೆ ಇಡುವುದಕ್ಕೂ ಈ ಹುಳಿ ಬಳಕೆಯಲ್ಲಿತ್ತು.

ಈ ಹುಳಿಗೆ ಕಾರಣವಾದ ಆಮ್ಲ ಯಾವುದು? ಸಿಟ್ರಿಕ್ ಆಮ್ಲ, ಟಾರ್ಟಾರಿಕ್ ಆಮ್ಲ ಎಂದು ಹಿಂದೆ ಭಾವಿಸಲಾಗಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು 1965ರಲ್ಲಿ ಇದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಪ್ರಕಟಿಸಿದರು. ಇದು ಸಿಟ್ರಿಕ್ ಆಮ್ಲದ ಹತ್ತಿರದ ಸಂಬಂಧಿ. ಅಣುವಿನಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಾಗಿದೆ, ಅಷ್ಟೆ. ಅಚ್ಚುಕಟ್ಟಾದ ರಸಾಯನ ವಿಜ್ಞಾನದ ಕೆಲಸವಿದು. ಅದರಲ್ಲಿ ತೂಕ ಇಳಿಸುವ ಮಾತೇ ಇರಲಿಲ್ಲ.

ಆ ಮಾತಿಗೆ ಬೀಜ ಬಿದ್ದದ್ದು 1969ರಲ್ಲಿ. ಜೀವಕೋಶದಲ್ಲಿ ಹೆಚ್ಚಾದ ಶರ್ಕರ ಕೊಬ್ಬಾಗಿ ಮಾರ್ಪಡುವ ದಾರಿಯಲ್ಲಿ ಸಿಟ್ರೇಟ್ ಒಂದು ಮುಖ್ಯ ನಿಲ್ದಾಣ. ಮೈಟೊಕಾಂಡ್ರಿಯದಿಂದ ಹೊರಬಂದ ಸಿಟ್ರೇಟನ್ನು ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಸೀಳುತ್ತದೆ. ಆಗ ದೊರೆಯುವ ಅಸಿಟೈಲ್ ಕೋಎ ಕೊಬ್ಬಿನಾಮ್ಲಗಳ ಕಟ್ಟಡಕ್ಕೆ ಇಟ್ಟಿಗೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ರೂಪದಲ್ಲಿ ಸಿಟ್ರೇಟನ್ನು ಹೋಲುವುದರಿಂದ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ ಎಂದು ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ತೋರಿಸಿದರು. 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕೊಬ್ಬಿನ ಉತ್ಪಾದನೆ ತಗ್ಗಿತು, ಇಲಿಗಳು ತಿನ್ನುವುದೂ ಕಡಿಮೆಯಾಯಿತು.

ಇಲ್ಲಿಯವರೆಗೆ ಎಲ್ಲವೂ ನಿಜ. ಜಾಹೀರಾತು ಬಳಸಿಕೊಳ್ಳುವುದು ಇದನ್ನೇ.

ಕಿಣ್ವದಿಂದ ಸೊಂಟದವರೆಗೆ

ಹೊರಳುದಾರಿ ಇರುವುದು ಇದರ ಮುಂದೆ. ಇಲಿಗೆ ಶರ್ಕರವೇ ಹೆಚ್ಚಾಗಿರುವ ಮೇವು ಕೊಟ್ಟಾಗ ಅದರ ದೇಹ ಶರ್ಕರದಿಂದ ಬಹಳಷ್ಟು ಕೊಬ್ಬನ್ನು ತಯಾರಿಸುತ್ತದೆ. ಸಾಮಾನ್ಯ ಮಿಶ್ರ ಆಹಾರ ಉಣ್ಣುವ ಮನುಷ್ಯನಲ್ಲಿ ಈ ತಯಾರಿಕೆ ಅಲ್ಪ. ನಮ್ಮ ದೇಹದಲ್ಲಿ ಕೂಡಿಕೊಳ್ಳುವ ಕೊಬ್ಬಿನ ಹೆಚ್ಚು ಪಾಲು ಎಣ್ಣೆ, ತುಪ್ಪ, ಕರಿದ ತಿಂಡಿಗಳಿಂದ ಬಂದ ಕೊಬ್ಬೇ. ಶರ್ಕರ ಮೊದಲು ಉರಿದುಹೋಗುತ್ತದೆ. ಅದು ಉರಿಯುತ್ತಿರುವಾಗ ತಿಂದ ಕೊಬ್ಬು ಶೇಖರಣೆಗೆ ಹೋಗುತ್ತದೆ. ಹೆಚ್ಚು ವಾಹನಗಳೇ ಓಡಾಡದ ರಸ್ತೆಗೆ ಬೇಲಿ ಹಾಕಿ ಊರಿಗೆ ಬರುವವರನ್ನೆಲ್ಲ ತಡೆದೆವೆಂದರೆ ಹೇಗೆ?

ಇದೇ ಕಿಣ್ವವನ್ನು ತಡೆಯುವ ಒಂದು ಔಷಧ ಈಗ ನಿಜವಾಗಿಯೂ ಇದೆ, ಬೆಂಪೆಡೋಯಿಕ್ ಆಮ್ಲ. 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹೃದಯಾಘಾತವನ್ನು ಅದು ತಗ್ಗಿಸುವುದೇ ಎಂದು ತಿಳಿಯಲು ಸುಮಾರು 14,000 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅನುಮತಿ ಸಿಕ್ಕಿರುವುದು ರಕ್ತದ ಕೊಲೆಸ್ಟೆರಾಲ್ ಮತ್ತು ಹೃದಯದ ಅಪಾಯವನ್ನು ಇಳಿಸಲು. ತೂಕ ಇಳಿಸಲು ಅಲ್ಲ. ಮೈಸೂರಿನ ಆಮ್ಲದಿಂದ ಬೆಳಕಿಗೆ ಬಂದ ಕಿಣ್ವದ ದಾರಿ ವೈದ್ಯರಿಗೆ ಪ್ರಯೋಜನಕ್ಕೆ ಬಂತು. ಆದರೆ ಮಾತ್ರೆ ಮಾರುವವರು ಹೇಳುವ ಪ್ರಯೋಜನ ಅದಲ್ಲ.

ಹೋಲಿಕೆ ಗುಂಪು ಹೇಳಿದ್ದೇನು?

ತರ್ಕ ಎಷ್ಟೇ ಇರಲಿ, ಕೊನೆಯ ಮಾತು ಪ್ರಯೋಗದ್ದು. 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರ ಒಂದು ಪ್ರಯೋಗ ಪ್ರಕಟವಾಯಿತು. ತೂಕ ಹೆಚ್ಚಾಗಿದ್ದ 135 ಜನರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಖಾಲಿ ಮಾತ್ರೆ, ಅಂದರೆ ಪ್ಲಸೀಬೊ. ಯಾರಿಗೆ ಯಾವುದು ಎಂಬುದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಎರಡೂ ಗುಂಪಿಗೆ ನಾರು ಹೆಚ್ಚಿರುವ, ಶಕ್ತಿ ಕಡಿಮೆಯಿರುವ ಆಹಾರ.

ಹನ್ನೆರಡು ವಾರಗಳ ಕೊನೆಗೆ ಮಾತ್ರೆಯ ಗುಂಪಿನವರು ಸರಾಸರಿ 3.2 ಕಿಲೊ ಇಳಿದಿದ್ದರು. ಇಲ್ಲಿ ಸ್ವಲ್ಪ ನಿಲ್ಲಿ. ಈ ಒಂದು ಅಂಕಿಯನ್ನಷ್ಟೇ ಕೈಗೆ ಕೊಟ್ಟರೆ ಜಾಹೀರಾತು ಸಿದ್ಧ: ‘ವೈದ್ಯಕೀಯ ಪ್ರಯೋಗದಲ್ಲಿ ಸಾಬೀತು.’ ಆದರೆ ಖಾಲಿ ಮಾತ್ರೆ ನುಂಗಿದವರು ಇಳಿದದ್ದು 4.1 ಕಿಲೊ. ಈ ಎರಡರ ನಡುವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ. ತೂಕ ಇಳಿಸಿದ್ದು ಪಥ್ಯ, ಮಾತ್ರೆಯಲ್ಲ. 2011ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಾತ್ರೆಯ ಪಾಲಿಗೆ ಸಿಕ್ಕ ಹೆಚ್ಚುವರಿ ಇಳಿಕೆ 0.88 ಕಿಲೊ, ಕಟ್ಟುನಿಟ್ಟಾಗಿ ನಡೆದ ಪ್ರಯೋಗಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಅದೂ ಉಳಿಯಲಿಲ್ಲ.

‘ಮೊದಲು’ ಮತ್ತು ‘ನಂತರ’ ಎಂಬ ಎರಡು ಚಿತ್ರಗಳಲ್ಲಿ ಹೋಲಿಕೆ ಗುಂಪು ಎಲ್ಲಿದೆ ಎಂದು ಕೇಳುವುದನ್ನು ಒಮ್ಮೆ ಕಲಿತವರು ಇಂಥ ಜಾಹೀರಾತಿಗೆ ಬೇಗ ಮರುಳಾಗುವುದಿಲ್ಲ.

‘ನೈಸರ್ಗಿಕ’ ಎಂಬ ಪದ

ಕೆಲಸ ಮಾಡದಿದ್ದರೂ ಕೆಡುಕಿಲ್ಲವಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಇದೂ ನಿಲ್ಲುವ ಮಾತಲ್ಲ. ‘ಹೈಡ್ರಾಕ್ಸಿಕಟ್’ ಎಂಬ ಪ್ರಸಿದ್ಧ ಉತ್ಪನ್ನಗಳನ್ನು ಬಳಸಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರಲ್ಲಿ ಎಚ್ಚರಿಸಿತು. ಯಕೃತ್ತಿನ, ಅಂದರೆ ಲಿವರಿನ ತೀವ್ರ ತೊಂದರೆಯ 23 ವರದಿಗಳು ಬಂದಿದ್ದವು. ಒಂದು ಸಾವೂ ಇತ್ತು. ಅದರಲ್ಲಿ ಹಲವು ಪದಾರ್ಥಗಳು ಸೇರಿದ್ದುದರಿಂದ ದೋಷವನ್ನು ಉಪ್ಪಾಗೆಯ ಮೇಲೆಯೇ ಹೊರಿಸಲಾಗುತ್ತಿರಲಿಲ್ಲ. ಆದರೆ ಔಷಧ ಮತ್ತು ಪೂರಕಗಳಿಂದ ಯಕೃತ್ತು ಕೆಟ್ಟವರನ್ನು ಅಮೆರಿಕದಲ್ಲಿ ವರ್ಷಗಳ ಕಾಲ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾರ್ಸೀನಿಯ ಇರುವ ಪೂರಕ ಸೇವಿಸಿದ್ದ 22 ಜನ ಕಂಡುಬಂದರು. ಅವರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಜೀನ್ ರೂಪ ಸಾಮಾನ್ಯಕ್ಕಿಂತ ಹೆಚ್ಚಾಗಿತ್ತು. ಅಂದರೆ ಬಹುಪಾಲು ಜನರಿಗೆ ಏನೂ ಆಗದಿರಬಹುದು. ಯಾರಿಗೆ ಆಗುತ್ತದೆಂದು ಅಂಗಡಿಯಲ್ಲಿ ಕೊಳ್ಳುವಾಗ ತಿಳಿಯದು.

ಸಾರಿಗೆ ಹಾಕುವ ಎರಡು ತುಂಡು ಹುಳಿಗೂ ದಿನಕ್ಕೆ ಗ್ರಾಂಗಟ್ಟಲೆ ನುಂಗುವ ಸಾರಕ್ಕೂ ಬಹಳ ಅಂತರವಿದೆ ಎಂಬುದನ್ನೂ ಮರೆಯಬೇಡಿ. ಕಾಚಂಪುಳಿಗೆ ಹೆದರಬೇಕಾಗಿಲ್ಲ.

ಮರಕ್ಕೂ ಈ ವ್ಯಾಮೋಹದ ಬಿಸಿ ತಟ್ಟಿತು. 1990ರ ದಶಕದಲ್ಲಿ ವಿದೇಶದ ಬೇಡಿಕೆ ಏರಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಹಣ್ಣಾಗುವ ಮೊದಲೇ ಕಾಯಿ ಕೀಳುವುದು, ಸಿಪ್ಪೆ ಒಣಗಿಸಲು ಹೊರೆಹೊರೆ ಸೌದೆ ಸುಡುವುದು ನಡೆಯಿತು.

ಕಾನೂನು ಇಲ್ಲದಿಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತನ್ನು ನಿಯಂತ್ರಿಸುವ 1954ರ ಅಧಿನಿಯಮದ ಪಟ್ಟಿಯಲ್ಲಿ ಬೊಜ್ಜೂ ಇದೆ. ಅದನ್ನು ಗುಣಪಡಿಸುವ ಔಷಧವೆಂದು ಜಾಹೀರಾತು ಮಾಡುವಂತಿಲ್ಲ. ಆಹಾರವೆಂದು ಮಾರಿದರೂ, ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಅಧಿನಿಯಮದಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಇಷ್ಟಿದ್ದೂ ಜಾಹೀರಾತು ನಿಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಅಡುಗೆಮನೆಯ ಪಥ್ಯಗಳು

ಮಾತ್ರೆ ಬೇಡವೆನ್ನುವವರು ಹೇಳುವ ಮನೆಮದ್ದುಗಳಿಗೂ ಇದೇ ಒರೆಗಲ್ಲು. ಬಿಸಿನೀರಿಗೆ ಜೇನು ಬೆರೆಸಿ ಕುಡಿದರೆ ಬೊಜ್ಜು ಕರಗುತ್ತದೆಂಬ ಮಾತನ್ನು ನೀವು ಕೇಳಿರುತ್ತೀರಿ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕಿಲೊಕ್ಯಾಲರಿ ಇದೆ. ದಿನದ ಊಟಕ್ಕೆ ಅದು ಸೇರುತ್ತದೆಯೇ ಹೊರತು ಕಳೆಯುವುದಿಲ್ಲ. ಜೇನು ಒಳ್ಳೆಯ ಆಹಾರ, ಕೊಬ್ಬು ಕರಗಿಸುವ ದ್ರಾವಕವಲ್ಲ.

ರಾಗಿಯನ್ನು ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320, ಬಿಳಿ ಅಕ್ಕಿಯಲ್ಲಿ ಸುಮಾರು 356 ಕಿಲೊಕ್ಯಾಲರಿ. ವ್ಯತ್ಯಾಸ ದೊಡ್ಡದಲ್ಲ. ರಾಗಿಯ ಹಿರಿಮೆ ಬೇರೆಡೆ ಇದೆ: ನಾರು ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ, ಕ್ಯಾಲ್ಸಿಯಂ 360 ಮಿಲಿಗ್ರಾಂ ಮೀರಿದೆ. ನಾರು ಹೆಚ್ಚಿರುವುದರಿಂದ ಹೊಟ್ಟೆ ಬೇಗ ತುಂಬಿದಂತಾಗುತ್ತದೆ. ಆದರೆ ರಾಗಿ ಎಂಬ ಕಾರಣಕ್ಕೆ ಮೂರನೆಯ ಮುದ್ದೆ ಲೆಕ್ಕಕ್ಕೆ ಬಾರದೆ ಹೋಗುವುದಿಲ್ಲ.

ಅನ್ನ ಬಿಡಬೇಕೆ, ಎಣ್ಣೆ ಬಿಡಬೇಕೆ ಎಂಬ ಜಗಳವೂ ಪರೀಕ್ಷೆಗೆ ಬಂದಿದೆ. 2018ರಲ್ಲಿ ಅಮೆರಿಕದಲ್ಲಿ 609 ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗ ಪ್ರಕಟವಾಯಿತು. ಕೊಬ್ಬು ಕಡಿಮೆ ಮಾಡಿದವರು 5.3 ಕಿಲೊ, ಶರ್ಕರ ಕಡಿಮೆ ಮಾಡಿದವರು 6.0 ಕಿಲೊ ಇಳಿದರು. ಇಲ್ಲಿಯೂ ಗಣನೀಯ ವ್ಯತ್ಯಾಸವಿಲ್ಲ. ತಾವು ಬಹುಕಾಲ ಪಾಲಿಸಬಲ್ಲ ಪಥ್ಯವೇ ಅವರವರಿಗೆ ಒಳ್ಳೆಯದು.

ತರಗತಿಯಲ್ಲಿ

ಬೊಜ್ಜು ಹುಸಿ ಸಮಸ್ಯೆಯಲ್ಲ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಮಧುಮೇಹ, ಹೃದ್ರೋಗಗಳ ಅಪಾಯ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇಕಡ 30ರಷ್ಟು ಮಂದಿಯ ತೂಕ ಹೆಚ್ಚು. ಅದೇ ಸಮೀಕ್ಷೆ ಶೇಕಡ 17ರಷ್ಟು ಹೆಂಗಸರ ತೂಕ ಇರಬೇಕಾದುದಕ್ಕಿಂತ ಕಡಿಮೆ ಎಂದೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಒಂದು ಮಗುವಿಗೆ ತೂಕ ಸಾಲದೆಂದೂ, ಹತ್ತಿರಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆಯೆಂದೂ ಹೇಳುತ್ತದೆ.

ಎನ್. ಬೇಗೂರಿನಂಥ ಕಾಡಂಚಿನ ಊರಿನಲ್ಲಿ, ಸುತ್ತಲಿನ ಜೇನುಕುರುಬ, ಕಾಡುಕುರುಬ ಹಾಡಿಗಳಿಂದಲೂ ಮಕ್ಕಳು ಬರುವ ಶಾಲೆಯಲ್ಲಿ ನೀವು ಪಾಠ ಮಾಡುತ್ತಿದ್ದರೆ ಈ ಎರಡೂ ಅಂಕಿಗಳನ್ನು ಮುಂದಿಟ್ಟುಕೊಂಡೇ ಮಾತನಾಡಬೇಕು. ‘ಕಡಿಮೆ ತಿನ್ನಿರಿ’ ಎಂಬ ನಗರದ ಉಪದೇಶ ಅಲ್ಲಿನ ಅನೇಕ ಮಕ್ಕಳಿಗೆ ಹೊಂದುವುದಿಲ್ಲ. ಮೂಳೆ ಬೆಳೆಯುವ, ರಕ್ತ ಹೆಚ್ಚಬೇಕಾದ ವಯಸ್ಸಿನಲ್ಲಿ ಮೊಬೈಲಿನ ಮಾತು ನಂಬಿ ಮಧ್ಯಾಹ್ನದ ಊಟ ಬಿಡುವ ಹುಡುಗಿಗೆ ಆಗುವ ನಷ್ಟವನ್ನು ಮುಂದೆ ಯಾವ ಮಾತ್ರೆಯೂ ತುಂಬಿಕೊಡದು. ತೂಕದ ಬಗ್ಗೆ ನಿಜವಾಗಿ ಚಿಂತೆಯಿರುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಕಳಿಸಿರಿ.

ಮುಂದಿನ ವಾರ ವಿದ್ಯಾರ್ಥಿಗಳಿಗೆ ಒಂದೊಂದು ಜಾಹೀರಾತು ಇಲ್ಲವೆ ಖಾಲಿ ಡಬ್ಬಿ ತರಲು ಹೇಳಿ. ನಾಲ್ಕು ಪ್ರಶ್ನೆ ಕೊಡಿ. ಹೇಳಿರುವ ಇಳಿಕೆಗೆ ದಿನಕ್ಕೆ ಎಷ್ಟು ಕಿಲೊಕ್ಯಾಲರಿ ಬೇಕು? ಪ್ರಯೋಗ ನಡೆದದ್ದು ಗಾಜಿನ ನಳಿಕೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಖಾಲಿ ಮಾತ್ರೆ ನುಂಗಿದವರು ಎಷ್ಟು ಇಳಿದರು? ಒಂದು ವರ್ಷದ ನಂತರ ತೂಕ ಎಷ್ಟಿತ್ತು? ಉತ್ತರ ಸಿಗದ ಪ್ರಶ್ನೆಗಳ ಮುಂದೆ ‘ಹೇಳಿಲ್ಲ’ ಎಂದು ಬರೆಯಲಿ. ಒಂದು ಪಾಠದ ಅವಧಿ ಸಾಕು. ಹಾಳೆಯ ಮೇಲೆ ‘ಹೇಳಿಲ್ಲ’ ಎಂಬುದು ಎಷ್ಟು ಸಲ ಬಂದಿದೆ ಎಂದು ಮಕ್ಕಳೇ ಎಣಿಸಿ ನೋಡಲಿ.