ಬಲಕ್ಕೂ ಬೇಡ, ಎಡಕ್ಕೂ ಬೇಡ

ಬಿಷಪ್ ಕಾಟನ್ ಬಾಯ್ಸ್ ಸ್ಕೂಲಿನ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ: ಬಲಕ್ಕೂ ತಿರುಗಬೇಡ, ಎಡಕ್ಕೂ ತಿರುಗಬೇಡ. 'ಎಷ್ಟು ಸೆಕ್ಯುಲರ್ ನೋಡು' ಅಂದ ಆಫೀಸಿನ ಗೆಳೆಯ. ಅಲ್ಲ ಗುರೂ, ಅದು ಬೈಬಲ್ಲಿನ ಮಾತು. ದೇವರ ಕಟ್ಟಳೆ ಬಿಟ್ಟು ಅತ್ತಿತ್ತ ಹೋಗಬೇಡ ಅಂತ.

1865ರಲ್ಲಿ ಆಂಗ್ಲಿಕನ್ ಪಾದ್ರಿ ಪೆಟ್ಟಿಗ್ರೂ ಶುರು ಮಾಡಿದ ಶಾಲೆ, ಈಗ ಸಿಎಸ್‌ಐ ಸಭೆಯದು. ಜನರಲ್ ತಿಮ್ಮಯ್ಯ, ರಾಜಾ ರಾಮಣ್ಣ, ನಂದನ್ ನಿಲೇಕಣಿ ಅಲ್ಲೇ ಓದಿದವರು. ಬಾಗಿಲು ತೆರೆದಿತ್ತು, ನಿಜ. ಅಷ್ಟಕ್ಕೇ ಒಳಗೊಳ್ಳುವಿಕೆ ಅಂದುಬಿಡೋದಾ?

ಸಂವಿಧಾನದ 28(3)ನೇ ವಿಧಿ ಪ್ರಕಾರ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಆದ್ರೆ ಸೀಟು ಬೇಕಾದ ಅಪ್ಪ ಎಲ್ಲಿ ಬೇಕಾದ್ರೂ ಸಹಿ ಹಾಕ್ತಾನೆ. 2022ರ ಏಪ್ರಿಲ್‌ನಲ್ಲಿ ಕ್ಲಾರೆನ್ಸ್ ಹೈಸ್ಕೂಲಿನ (ಅದು ಬೇರೆ ಪಂಗಡದ್ದು) ಅರ್ಜಿಯಲ್ಲಿದ್ದ ಬೈಬಲ್ ಷರತ್ತಿಗೆ ಗಲಾಟೆಯಾದಾಗ ನಾನೂ ಇದನ್ನೇ ಜೋರಾಗಿ ವಾದಿಸಿದ್ದೆ.

ತಿಲಕ್ ನಗರದಲ್ಲಿ ನಮ್ಮ ಮೇಲಿನ ಮನೆಯ ಭಾಯ್ ಟೀ ಹೀರ್ತಾ ಕೇಳಿದ್ರು: 'ನಿಮ್ಮೂರ ಸ್ಕೂಲಲ್ಲಿ ಶಾರದಾ ಪೂಜೆ ಇರ್ಲಿಲ್ವಾ ಸಾರ್?'

ಇತ್ತು. ಶುಕ್ರವಾರ ಶುಕ್ರವಾರ, ಕಡ್ಲೆಪುರಿ ಸಮೇತ. ಕ್ಲಾಸಿನ ಇಬ್ಬರು ಮುಸ್ಲಿಂ ಹುಡುಗರು ಹಿಂದಿನ ಸಾಲಲ್ಲಿ ಅರೆಬರೆ ಕೈಮುಗಿದು ನಿಲ್ಲೋರು. ಮೇಷ್ಟ್ರು ಅವರನ್ನ ಏನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಅದನ್ನ ನಾವು ಧರ್ಮ ಅಂದುಕೊಂಡೇ ಇರಲಿಲ್ಲ, ಹಾಗಾಗಿ ಸಹಿಯ ಪ್ರಶ್ನೆಯೇ ಬರಲಿಲ್ಲ. ಕಾಟನ್ ಬೋರ್ಡಿನ ಮೇಲಾದ್ರೂ ಬಿಷಪ್ ಅಂತಿದೆ; ನಮ್ಮ ಬೋರ್ಡಲ್ಲಿ 'ಸರ್ಕಾರಿ' ಅಂತಿತ್ತು.

ಈಗ ಮಗಳ ಅಡ್ಮಿಷನ್ ಅರ್ಜಿಗಳು ಟೇಬಲ್ ಮೇಲಿವೆ, ಮೂರು ಶಾಲೆಯವು. ಪ್ರಾರ್ಥನೆಗೆ ಬರದ ಮಗು ಆ ಹೊತ್ತಲ್ಲಿ ಎಲ್ಲಿ ಕೂರುತ್ತೆ ಅಂತ ಮೂರೂ ಕಡೆ ಕೇಳಬೇಕು.