‘ಅರ್ಧಸ್ಥಿರ’ವೆಂಬ ಪದವೂ ಅಯಸ್ಕಾಂತದ ಉಪಮೆಯೂ

ಕುಮಟೆಯ ಅಧ್ಯಾಪಕ ಮಿತ್ರರೊಬ್ಬರು ಕಬ್ಬಿಣದ ಸಿಲಿಸೈಡುಗಳ, ಎಂದರೆ ಕಬ್ಬಿಣವೂ ಸಿಲಿಕಾನೂ ಕೂಡಿ ಆದ ವಸ್ತುಗಳ, ತೆಳುಪೊರೆಗಳಲ್ಲಿ ಕಾಣುವ ಕಾಂತಗುಣವನ್ನು ಕುರಿತು ತಾವು ಕನ್ನಡಿಸಿದ ಬರಹವೊಂದನ್ನು ನನ್ನ ಅವಲೋಕನಕ್ಕೆ ಕಳುಹಿಸಿದ್ದರು. ಭಾಷೆ ಶುದ್ಧವಾಗಿದೆ, ಪ್ರಯತ್ನವು ಶ್ಲಾಘ್ಯವಾದುದು. ಆದರೆ ‘ಮೆಟಾಸ್ಟೇಬಲ್’ ಎಂಬುದಕ್ಕೆ ‘ಅರ್ಧಸ್ಥಿರ’ವೆಂದು ಬರೆದಿರುವುದೂ, ಪೊರೆಯು ಕಾಂತವಾಗುವುದಕ್ಕೆ ಅದರಲ್ಲಿ ಕಬ್ಬಿಣವಿರುವುದೇ ಸಾಕಾದ ಕಾರಣವೆಂದಿರುವುದೂ ವಿಚಾರಾರ್ಹವಾಗಿವೆ.

ಮೊದಲು ಪದ. ಹೊನ್ನಾವರದ ಕಡೆ ಗುಡ್ಡದ ಓರೆಯಲ್ಲಿ ಕಟ್ಟೆ ಹಾಕಿ ನಿಲ್ಲಿಸಿದ ನೀರನ್ನು ನೋಡಿರಿ. ಅದಕ್ಕಿಂತ ಕೆಳಗೆ ಶರಾವತಿಯಿದೆ. ಅದಕ್ಕೂ ಕೆಳಗೆ ಸಮುದ್ರವಿದೆ. ಆದರೂ ಕಟ್ಟೆ ಒಡೆಯುವ ತನಕ ಆ ನೀರು ಅರ್ಧ ನಿಂತು ಅರ್ಧ ಹರಿಯುತ್ತಿರುವುದಿಲ್ಲ, ಪೂರ್ಣವಾಗಿಯೇ ನಿಂತಿರುತ್ತದೆ. ಮೆಟಾಸ್ಟೇಬಲ್ ಎಂಬುದು ಈ ಅವಸ್ಥೆ. ಕಬ್ಬಿಣ, ಸಿಲಿಕಾನುಗಳು ಸಮಪ್ರಮಾಣದಲ್ಲಿ ಕೂಡಿದ ವಸ್ತುವಿಗೆ ಸ್ವಭಾವಸಿದ್ಧವಾದ ಸ್ಫಟಿಕರೂಪವೊಂದುಂಟು. ಅದೇ ವಸ್ತುವನ್ನು ಸಿಲಿಕಾನ್ ಸ್ಫಟಿಕದ ಮೇಲೆ ಪೊರೆಯಾಗಿ ಬೆಳೆಸಿದರೆ, ಕೆಳಗಿನ ಸ್ಫಟಿಕದ ಆಸರೆಯಿಂದ ಬೇರೆಯೇ ಒಂದು ರೂಪದಲ್ಲಿ ನಿಲ್ಲುವುದೆಂದು 1990ರ ದಶಕದ ಆರಂಭದಲ್ಲಿ ಜೂರಿಕ್ಕಿನ ವಿದ್ವಾಂಸರು ತೋರಿಸಿದರು. ಕಾಯಿಸಿದರೆ ಆ ರೂಪ ಅಳಿಯುತ್ತದೆ. ಆದುದರಿಂದ ‘ಮಧ್ಯಸ್ಥಿರ’ವೆಂಬುದು ಯುಕ್ತವೆಂದು ನನ್ನ ಮತ. ಭಟ್ಕಳದ ಬಳಿಯ ಹಾಡುವಳ್ಳಿಯ ಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ಸೂತ್ರಗಳನ್ನು ರಚಿಸಿದನು. ಸಂಸ್ಕೃತವನ್ನು ಕರೆತರುವುದು ನಮ್ಮ ಸೀಮೆಗೆ ಹೊಸತಲ್ಲ. ಆದರೆ ಲಕ್ಷ್ಯವನ್ನು ನೋಡದೆ ಲಕ್ಷಣವನ್ನು ಹೇಳಲಾಗದು.

ಎರಡನೆಯ ದೋಷವು ಹೆಚ್ಚಿನದು. ಮೂರು ಪಾಲು ಕಬ್ಬಿಣಕ್ಕೆ ಒಂದು ಪಾಲು ಸಿಲಿಕಾನಿರುವ ವಸ್ತು ಬಲವಾದ ಕಾಂತ. ಸುಮಾರು 565 ಡಿಗ್ರಿ ಸೆಲ್ಸಿಯಸ್‌ವರೆಗೂ ಆ ಗುಣ ಉಳಿಯುತ್ತದೆ. ಅದರೊಳಗಿನ ಕಬ್ಬಿಣವೆಲ್ಲ ಒಂದೇ ತರದ್ದಲ್ಲ. ಸುತ್ತಲಿನ ಎಂಟು ನೆರೆಯ ಪರಮಾಣುಗಳೂ ಕಬ್ಬಿಣವೇ ಆಗಿರುವ ಪರಮಾಣುವಿನ ಕಾಂತಬಲಕ್ಕೆ ಹೋಲಿಸಿದರೆ, ನಾಲ್ಕು ಕಬ್ಬಿಣ, ನಾಲ್ಕು ಸಿಲಿಕಾನ್ ನೆರೆಯಾಗಿರುವುದರ ಬಲ ಹೆಚ್ಚುಕಡಿಮೆ ಅರ್ಧ. ಮೇಲೆ ಹೇಳಿದ ಮಧ್ಯಸ್ಥಿರ ಪೊರೆಯಲ್ಲಿ ಕಬ್ಬಿಣದ ನೆರೆಯ ಎಂಟೂ ಸಿಲಿಕಾನೇ. ಪ್ರಮಾಣವು ಸರಿಸಮವಾಗಿದ್ದರೆ ಕಾಂತತ್ವವೇ ಇಲ್ಲ. ಕಬ್ಬಿಣ ತುಸು ಹೆಚ್ಚಾದೆಡೆ ಅದು ತಲೆದೋರುತ್ತದೆ. ಹೀಗಿರಲಾಗಿ ಕಾರಣವು ಕಬ್ಬಿಣವಷ್ಟೇ ಅಲ್ಲ, ಅದರ ನೆರೆ.

ಮಿತ್ರರನ್ನು ದಾರಿ ತಪ್ಪಿಸಿದುದು ಅಯಸ್ಕಾಂತವೆಂಬ ಹೆಸರೇ ಇರಬೇಕು. ಕುಮಾರಸಂಭವದ ಎರಡನೆಯ ಸರ್ಗದಲ್ಲಿ ಉಮೆಯ ರೂಪ ಕಾಂತ, ಶಿವನ ಮನಸ್ಸು ಲೋಹ. ಲೋಹಕ್ಕೆ ಬೇರೆ ಗತಿಯಿಲ್ಲ. ಪಾಠ ಹೇಳುವಾಗ ನಾವೂ ಹಾಗೆಯೇ ಹೇಳಿಬಿಡುತ್ತೇವೆ. ಯೋಗಸೂತ್ರದ ವ್ಯಾಸಭಾಷ್ಯದಲ್ಲಾದರೋ ಚಿತ್ತವು ಒಂದೆಡೆ ಅಯಸ್ಕಾಂತ, ಇನ್ನೊಂದೆಡೆ ಕಬ್ಬಿಣ. ಮೊದಲನೆಯ ಕಡೆ ಸನ್ನಿಧಿಮಾತ್ರದಿಂದ ಉಪಕಾರವೆಂಬ ಮಾತೂ ಉಂಟು. ಇದರಿಂದ ಪ್ರಾಚೀನರಿಗೆ ಪರಮಾಣುಗಳ ನೆರೆಹೊರೆ ತಿಳಿದಿತ್ತೆನ್ನುವವರ ಪಂಕ್ತಿಯಲ್ಲಿ ನಾನು ಕೂರಲಾರೆ. ಉಪಮೆಯೊಳಗಣ ಪಾತ್ರ ಸಂದರ್ಭದಂತೆ ಬದಲಾಗುವುದೆಂಬಷ್ಟೇ ನನ್ನ ಮಾತು.

‘ತೆಳುಪೊರೆ’ಯೆಂಬ ಅವರ ಪದವನ್ನು ಮಾತ್ರ ಯಾರೂ ‘ತನುಪಟಲ’ವೆಂದು ತಿದ್ದದಿರಲಿ. ಆ ಭಯ ನನ್ನಂತಹ ಪಂಡಿತರಿಂದಲೇ ಹೆಚ್ಚು.